ಹಾಡದೆ ನಿಂತ ಮಕ್ಕಳು



1985ರ ಜುಲೈ ತಿಂಗಳು. ಕೇರಳದ ಶಾಲೆಯೊಂದರಿಂದ ಒಂದೇ ಮನೆಯ ಮೂವರು ಮಕ್ಕಳನ್ನು ಹೊರಗೆ ಹಾಕಿದರು. ಹತ್ತು, ಒಂಬತ್ತು, ಐದನೇ ತರಗತಿಯವರು. ಬೆಳಿಗ್ಗೆ ರಾಷ್ಟ್ರಗೀತೆ ಶುರುವಾದರೆ ಎಲ್ಲರ ಜೊತೆ ನೆಟ್ಟಗೆ ನಿಲ್ಲುತ್ತಿದ್ದರು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಅವರು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು. ಹಾಡಲು ಅವರ ಮತದಲ್ಲಿ ಒಪ್ಪಿಗೆಯಿಲ್ಲ. ವಿಧಾನಸಭೆಯಲ್ಲಿ ಪ್ರಶ್ನೆಯೆದ್ದು, ವಿಚಾರಣೆಗೆ ನೇಮಿಸಿದವರೂ ಮಕ್ಕಳು ಶಿಸ್ತಿನವರೆಂದೇ ವರದಿ ಕೊಟ್ಟರು. ಆದರೂ ಅವರ ಪಾಲಿಗೆ ಶಾಲೆಯ ಬಾಗಿಲು ಮುಚ್ಚಿತು. ಹೈಕೋರ್ಟಿನಲ್ಲೂ ಸೋಲು.

1986ರ ಆಗಸ್ಟ್ 11ರಂದು, ಸ್ವಾತಂತ್ರ್ಯ ದಿನಕ್ಕೆ ನಾಲ್ಕೇ ದಿನ ಮುಂಚೆ, ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದಿತು. ಎದ್ದು ನಿಂತರೆ ಗೌರವ ಕೊಟ್ಟಂತೆಯೇ, ಹಾಡಲೇಬೇಕೆಂಬ ಕಾನೂನಿಲ್ಲ ಎಂಬುದು ಪೀಠದ ಮಾತು. ಮಾತಿನ ಮತ್ತು ಮತದ ಸ್ವಾತಂತ್ರ್ಯ ಕೊಡುವ ಸಂವಿಧಾನದ 19 ಮತ್ತು 25ನೇ ವಿಧಿಗಳು ಅವರ ಮೌನವನ್ನೂ ಕಾದವು.

ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು. ರಾಷ್ಟ್ರಕ್ಕೆ ಅಗೌರವ ತೋರಿದರೆಂಬ ಆರೋಪ ಹೊತ್ತವರು ಕೊನೆಗೂ ನಂಬಿದ್ದು ಈ ರಾಷ್ಟ್ರದ ಸಂವಿಧಾನವನ್ನೇ, ತಟ್ಟಿದ್ದು ಅದರ ನ್ಯಾಯಾಲಯದ ಬಾಗಿಲನ್ನೇ. ಪೌರರಾಗಿ ಪಾಲ್ಗೊಳ್ಳುವುದೆಂದರೆ ಇದೂ ಹೌದು, ಬರೀ ಮತ ಹಾಕಿ ಬರುವುದಷ್ಟೇ ಅಲ್ಲ.

ಮನೆಯ ಮಕ್ಕಳಿಗೆ ರಾಷ್ಟ್ರಗೀತೆ ಕಲಿಸುವಾಗ ಈ ಮೂವರ ಕತೆಯನ್ನೂ ಹೇಳಿ.