ಬಿಡು ಎಂದವರ ಸಾಲ



ಕ್ರೈಸ್ತ ಪಾವಿತ್ರ್ಯದ ಬಗ್ಗೆ ಮಾತಾಡಲು ಕರೆದಿದ್ದೀರಿ. ಪಾವಿತ್ರ್ಯ ಅಂದ ಕೂಡಲೇ ಕನ್ನಡದ ಕಿವಿಗೆ ಕೇಳುವುದು ಮಡಿ. ಬೈಬಲ್ಲಿನ ಹೀಬ್ರೂ ಪದದಲ್ಲೂ ಬೇರೆಯಾಗಿ ಇಡುವ ಅರ್ಥವೇ ಇದೆ. ಆದರೆ ಯೇಸು ಕೈಚಾಚಿ ಕುಷ್ಠರೋಗಿಯನ್ನು ಮುಟ್ಟಿದ ಮೇಲೆ ಆ ಪದ ಮೊದಲಿನಂತೆ ಉಳಿಯಲಿಲ್ಲ. ಮುಟ್ಟಿದವನಿಗೆ ಮೈಲಿಗೆ ತಗಲಲಿಲ್ಲ, ಮುಟ್ಟಿಸಿಕೊಂಡವನು ಶುದ್ಧನಾದ. ಈ ಮಾತನ್ನು ನಾನು ಮಂಗಳೂರು ಹಂಚಿನ ಕಥೆಯಿಂದ ಬಿಡಿಸಿ ಹೇಳುತ್ತೇನೆ.

1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದರು. ಅವರ ಮಿಷನ್ನನ್ನು ಬೆಳೆಸಿದ್ದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಪಯಟಿಸ್ಟರೆಂಬ ಕ್ರೈಸ್ತ ಪಂಥದವರ ಭಕ್ತಿ. ಮನಸ್ಸು ತಿರುಗಬೇಕು, ತಿರುಗಿದ್ದು ನಡತೆಯಲ್ಲಿ ಕಾಣಬೇಕು, ಕುಡಿತ ಕೂಡದು. ಈ ಮಿಷನರಿಗಳ ಬಳಿ ಬಂದವರಲ್ಲಿ ಬಿಲ್ಲವ ಜಾತಿಯವರು ಬಹಳ ಮಂದಿ. ಬಿಲ್ಲವರ ಅಂದಿನ ಕಸುಬು ಮೂರ್ತೆ, ಅಂದರೆ ಮರ ಹತ್ತಿ ಕಳ್ಳು ಇಳಿಸುವುದು. ಸಭೆಗೆ ಸೇರಬೇಕಾದರೆ ಮೂರ್ತೆ ಬಿಡಬೇಕು ಎಂದರು ಪಾದ್ರಿಗಳು.

ಬಿಟ್ಟರು. ಬಿಟ್ಟವರಿಗೆ ಉಣ್ಣಲು ಏನಿತ್ತು? ಕಸುಬು ಹೋಯಿತು, ಕುಲದವರು ದೂರವಿಟ್ಟರು, ಕುಟುಂಬದ ಆಸ್ತಿಯ ಆಸರೆಯೂ ತಪ್ಪಿತು. ಬೋಧಕರ ಪಾವಿತ್ರ್ಯದ ನಿಜವಾದ ಪರೀಕ್ಷೆ ಶುರುವಾದದ್ದು ಇಲ್ಲಿ ಎಂದು ನನ್ನ ನಂಬಿಕೆ. 'ದೇವರು ನೋಡಿಕೊಳ್ಳುತ್ತಾನೆ' ಎಂದು ಹೇಳಿ ಪಾದ್ರಿಗಳು ಕೈತೊಳೆದುಕೊಳ್ಳಬಹುದಿತ್ತು. ತೊಳೆದುಕೊಳ್ಳಲಿಲ್ಲ, ಮಣ್ಣಿಗೆ ಕೈ ಹಾಕಿದರು.

ಒಂದೇ ಸಲಕ್ಕೆ ಏನೂ ಕೈಗೂಡಲಿಲ್ಲ. ಬೇಸಾಯ ನೆಚ್ಚಿದಂತೆ ಆಗಲಿಲ್ಲ, ಗಡಿಯಾರದ ಕೆಲಸ ನಿಂತುಹೋಯಿತು. ನೇಯ್ಗೆ ಉಳಿಯಿತು.  ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಗಿಯೋರ್ಗ್ ಪ್ಲೆಬ್ಸ್ಟ್ ಅವರ ಕಣ್ಣು ಇಲ್ಲಿನ ಆವೆಮಣ್ಣಿನ ಮೇಲೆ ಬಿತ್ತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಮಣ್ಣು ಹದ ಮಾಡುವ ಯಂತ್ರವನ್ನು ಮೊದಮೊದಲು ಎತ್ತುಗಳು ತಿರುಗಿಸುತ್ತಿದ್ದವು. ಮುಳಿಹುಲ್ಲಿನ ಮಾಡು ವರ್ಷವರ್ಷ ಹೊದೆಸಬೇಕಾಗಿದ್ದ, ಬೆಂಕಿಗೆ ಹೆದರಬೇಕಾಗಿದ್ದ ಕರಾವಳಿಗೆ ಕೆಂಪು ಹಂಚು ಬಂದದ್ದು ಹೀಗೆ. ಕಾರ್ಖಾನೆಗೆ ಕ್ರೈಸ್ತರಲ್ಲದವರೂ ದುಡಿಯಲು ಬಂದರು. ಕೂಲಿಯ ಪಟ್ಟಿಯಲ್ಲಿ ಹಲವು ಜಾತಿಗಳು ಒಟ್ಟಾದವು. ಊಟದ ಪಂಕ್ತಿಯಲ್ಲಿ ಹಾಗೆ ಒಟ್ಟಾಗುವುದು ಇನ್ನೂ ದೂರದ ಮಾತಾಗಿದ್ದ ಕಾಲ ಅದು.

ಮಿಷನ್ನಿನೊಳಗೇ ಇಂಥ ಉದ್ಯಮಗಳಿಗೆ ತಕರಾರು ಇತ್ತು. ಸುವಾರ್ತೆ ಸಾರುವವರಿಗೆ ವ್ಯಾಪಾರದ ಗೊಡವೆ ಏಕೆ ಎಂಬ ಚರ್ಚೆ ಬಾಸೆಲಿನಲ್ಲಿ ವರ್ಷಗಟ್ಟಲೆ ನಡೆಯಿತು. ಹಂಚಿನ ಕಾರ್ಖಾನೆಗೂ ಮೊದಲೇ, 1859ರಲ್ಲಿ, ವ್ಯಾಪಾರಕ್ಕೆಂದು ಬೇರೆ ಕಂಪನಿಯನ್ನೇ ಕಟ್ಟಿದರು. ಆ ಚರ್ಚೆಯ ಹಿಂದಿನ ಅಳುಕನ್ನು ನಾನು ಗೌರವಿಸುತ್ತೇನೆ. ಲಾಭದ ಲೆಕ್ಕ ಬರೆಯುವಾಗಲೂ ಆತ್ಮಕ್ಕೆ ಅಳುಕಿರಬೇಕು.

ಕುಂದನ್ನೂ ಹೇಳದೆ ಬಿಡಲಾರೆ. ಸಂಬಳ ಕೊಡುವ ಮಿಷನ್ನೇ ಸಭೆಯ ಶಿಸ್ತನ್ನೂ ನಡೆಸಿತು. ಭಾನುವಾರ ಪೀಠದಿಂದ ಗದರಿಸಿದ ಮಾತಿನ ನೆರಳು ಸೋಮವಾರದ ಕೂಲಿಯ ಮೇಲೆ ಬೀಳುವಂತಿತ್ತು. ದೊರೆಯೂ ಗುರುವೂ ಒಬ್ಬನೇ ಆದರೆ ಶಿಷ್ಯ ಬಾಯಿ ತೆರೆಯುವುದು ಹೇಗೆ? ಮರ ಹತ್ತುತ್ತಿದ್ದವನು ತನ್ನ ದಿನಕ್ಕೆ ತಾನೇ ಯಜಮಾನ. ಕಾರ್ಖಾನೆಯಲ್ಲಿ ಅವನು ಗಂಟೆಗೆ ಆಳಾದ. ಮೂರ್ತೆಯನ್ನು ಪಾಪವೆಂದು ಅಷ್ಟು ಸಲೀಸಾಗಿ ತೀರ್ಮಾನಿಸಿದ್ದೂ ನನಗೆ ಒಪ್ಪಿಗೆಯಿಲ್ಲ. ಆ ಕಸುಬಿನ ಹಿಂದಿನ ಬಡತನವನ್ನು, ಕೈಗುಣವನ್ನು, ಮರದ ಮೇಲಿನ ಅಪಾಯವನ್ನು ಅವರು ಸಾಕಷ್ಟು ನೋಡಲಿಲ್ಲ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಒಂದು ವಿಷಯಕ್ಕೆ ಅವರಿಗೆ ನನ್ನ ನಮಸ್ಕಾರ. 'ಬಿಡು' ಎಂದವರು ಬಿಟ್ಟವನ ಅನ್ನಕ್ಕೆ ತಾವು ಸಾಲಗಾರರು ಎಂದು ತಿಳಿದರು.

ಈ ಸಭಾಂಗಣದಲ್ಲಿ ಸಭಾಪಾಲಕರಿದ್ದೀರಿ, ಸಭಾಹಿರಿಯರಿದ್ದೀರಿ. ನಮ್ಮ ಊರುಗಳಲ್ಲೂ ಕುಡಿತ ಬಿಡಲು, ಬಡ್ಡಿ ವ್ಯವಹಾರ ಬಿಡಲು, ಮೈಮಾರಿ ಬದುಕುವುದನ್ನು ಬಿಡಲು ನಾವು ಬೋಧಿಸುತ್ತೇವೆ. ಇನ್ನು ಮುಂದೆ ಹಾಗೆ ಬೋಧಿಸುವ ಮುನ್ನ ದಯವಿಟ್ಟು ಸಭೆಯ ಆಯವ್ಯಯ ಪುಸ್ತಕ ತೆರೆಯಿರಿ. ಬಿಟ್ಟು ಬರುವವರ ಮುಂದಿನ ತಿಂಗಳ ಅಕ್ಕಿಗೆ ಅದರಲ್ಲಿ ಎಷ್ಟು ತೆಗೆದಿಟ್ಟಿದ್ದೀರಿ, ನೋಡಿ.