ಇ-ಮೇಲ್‌ಗೂ ಬೇಕು ಗುರುತಿನ ಚೀಟಿ



ಶಾಲೆಯಲ್ಲಿ ವ್ಯವಹಾರ ಪತ್ರ ಬರೆಯುವಾಗ ಮೊದಲು 'ಇಂದ', ಆಮೇಲೆ 'ಗೆ' ಎಂದು ವಿಳಾಸ ಹಾಕುವುದನ್ನು ಕಲಿತಿದ್ದೀರಿ. 'ಇಂದ'ದ ಕೆಳಗೆ ಬೇರೆ ಯಾರದೋ ಹೆಸರು ಬರೆದರೆ ಅಂಚೆಯಣ್ಣ ತಡೆಯುತ್ತಾನೆಯೇ? ಇಲ್ಲ. ಇ-ಮೇಲ್‌ನ ಕಥೆಯೂ ಇದೇ. ಅದರ ರವಾನೆಗೆ 1982ರಲ್ಲಿ ರೂಪಿಸಿದ ಎಸ್‌ಎಂಟಿಪಿ ಎಂಬ ನಿಯಮಾವಳಿಯಲ್ಲಿ, ಕಳುಹಿಸಿದವರು ನಿಜವಾಗಿ ಅವರೇ ಹೌದೇ ಎಂದು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಬಳಸುತ್ತಿದ್ದವರು ಹೆಚ್ಚಾಗಿ ಸಂಶೋಧಕರು, ನಂಬಿಕೆಯ ಮೇಲೆ ಕೆಲಸ ನಡೆಯುತ್ತಿತ್ತು. ಹಾಗೆಂದು ಎಲ್ಲರೂ ಸಾಧುಗಳಲ್ಲ! ಅದಕ್ಕೂ ಮೊದಲೇ, 1978ರಲ್ಲಿ, ಅಮೆರಿಕದ ಗ್ಯಾರಿ ಥರ್ಕ್ ಎಂಬವರು ಕಂಪ್ಯೂಟರ್ ಮಾರಾಟದ ಜಾಹೀರಾತನ್ನು ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಕಳುಹಿಸಿ ಛೀಮಾರಿ ಹಾಕಿಸಿಕೊಂಡಿದ್ದರು.

ಇಂದು ಬೇಡದ ಟಪಾಲಿನ ಪ್ರವಾಹದಲ್ಲಿ ಬೇಕಾದದ್ದೂ ಕೊಚ್ಚಿಹೋಗುತ್ತದೆ. ಚನ್ನಪಟ್ಟಣದ ಗೊಂಬೆ ತಯಾರಕರೊಬ್ಬರು ಹೊರದೇಶದ ಗಿರಾಕಿಗೆ ಕಳುಹಿಸಿದ ದರಪಟ್ಟಿ ಸ್ಪ್ಯಾಮ್ ಪೆಟ್ಟಿಗೆಗೆ ಬಿತ್ತೆನ್ನಿ. ಸಾಮಾನ್ಯವಾಗಿ ಇವರಿಗೆ ಅದು ತಿಳಿಯುವುದೇ ಇಲ್ಲ. ಗಿರಾಕಿ ಕಾದು ಕಾದು ಬೇರೆಯವರ ಬಳಿ ಹೋಗುತ್ತಾನೆ.

ಇದಕ್ಕೆ ಬೇಕಾದದ್ದು ಗುರುತಿನ ಪುರಾವೆ. ವಿಳಾಸದಲ್ಲಿ 'ಆ್ಯಟ್' ಚಿಹ್ನೆಯ ನಂತರ ಬರುವ ಹೆಸರೇ ಡೊಮೇನ್. ಆ ಹೆಸರಿನಲ್ಲಿ ಟಪಾಲು ಕಳುಹಿಸಲು ಯಾವ ಯಂತ್ರಗಳಿಗೆ ಅಧಿಕಾರವಿದೆ ಎಂದು ಸಾರ್ವಜನಿಕ ದಾಖಲೆಯಲ್ಲಿ ಬರೆದಿಡುವುದು ಎಸ್‌ಪಿಎಫ್. ಡಿಕಿಮ್ ಎಂಬುದು ಅರಗಿನ ಮುದ್ರೆಯಂತೆ, ಗಣಿತದಿಂದ ಮಾಡಿದ ಸಹಿ. ಸಹಿಯಾದ ಭಾಗದಲ್ಲಿ ಒಂದಕ್ಷರ ತಿದ್ದಿದರೂ ತಾಳೆಯಾಗದು. ಎರಡರಲ್ಲಿ ಒಂದೂ ಆ ಹೆಸರಿಗೆ ಹೊಂದದಿದ್ದರೆ ಪತ್ರವನ್ನು ಒಳಗೆ ಬಿಡಬೇಕೋ, ಸ್ಪ್ಯಾಮಿಗೆ ತಳ್ಳಬೇಕೋ, ತಿರಸ್ಕರಿಸಬೇಕೋ ಎಂಬ ಸೂಚನೆಯೇ ಡಿಮಾರ್ಕ್. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಸಂದೇಶ ಕಳುಹಿಸುವವರಿಗೆ ಗೂಗಲ್ ಇವು ಮೂರನ್ನೂ 2024ರ ಫೆಬ್ರವರಿಯಿಂದ ಕಡ್ಡಾಯ ಮಾಡಿತು.

ಆದರೆ ಚೀಟಿ ತೋರಿಸಿದವರನ್ನೆಲ್ಲ ನಾವು ಮನೆಯೊಳಗೆ ಕರೆಯುತ್ತೇವೆಯೇ? ಓದುಗರು 'ಸ್ಪ್ಯಾಮ್' ಎಂದು ದೂರುವ ಪ್ರಮಾಣ ಸಾವಿರಕ್ಕೆ ಮೂರನ್ನು ಮುಟ್ಟಬಾರದೆಂಬುದೂ ಅದೇ ನಿಯಮದಲ್ಲಿದೆ. 'ಉಚಿತ' ಎಂಬ ಪದ ಬಿಟ್ಟರೆ ಸಾಕು ಎನ್ನುವವರಿದ್ದಾರೆ. ನನಗೆ ಅದು ಮೇಲುಮೇಲಿನ ಮದ್ದು ಎನಿಸುತ್ತದೆ. ವಿಳಾಸಗಳ ಪಟ್ಟಿಯನ್ನು ದುಡ್ಡು ಕೊಟ್ಟು ಕೊಂಡು, ಕೇಳದವರಿಗೆಲ್ಲ ಕಳುಹಿಸುವುದೇ ನಿಜವಾದ ರೋಗ. ಕೇಳಿದವರಿಗೆ ಮಾತ್ರ ಕಳುಹಿಸಬೇಕು. 'ಇನ್ನು ಬೇಡ' ಎನ್ನಲು ಒಂದೇ ಗುಂಡಿ ಇರಬೇಕು, ಒತ್ತಿದವರನ್ನು ಪಟ್ಟಿಯಿಂದ ತೆಗೆಯಲೂ ಬೇಕು.

ಕೆಲಸಕ್ಕೆ ಅರ್ಜಿ ಹಾಕಿರುವವರು ಇಂದೇ ನಿಮ್ಮ ಸ್ಪ್ಯಾಮ್ ಪೆಟ್ಟಿಗೆ ತೆರೆದು ನೋಡಿ. ಜಿಮೇಲ್‌ನಲ್ಲಿ 30 ದಿನಗಳಾದರೆ ಅಲ್ಲಿರುವುದು ತಾನಾಗಿ ಅಳಿದುಹೋಗುತ್ತದೆ. ಸಂದರ್ಶನದ ಕರೆ ಅಲ್ಲಿ ಸಿಕ್ಕಿದರೆ, ಪರಿಶೀಲಿಸಿ, 'ಸ್ಪ್ಯಾಮ್ ಅಲ್ಲ' ಎಂದು ಗುರುತು ಹಾಕಿ.