ಟೆಂಡರಿನ ಬಾಗಿಲು

ಪತ್ರಿಕೆಗಳ ಒಳಪುಟಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ಟೆಂಡರ್ ಪ್ರಕಟಣೆಗಳನ್ನು ನಮ್ಮಲ್ಲಿ ಹೆಚ್ಚಿನವರು ಓದುವುದಿಲ್ಲ. ನಾನೂ ಬಹುಕಾಲ ಓದಿದವನಲ್ಲ. ಒಮ್ಮೆ ಓದಿದಾಗ ಒಂದು ಷರತ್ತು ನನ್ನನ್ನು ತಡೆದು ನಿಲ್ಲಿಸಿತು: ಗುತ್ತಿಗೆ ಬಯಸುವವರು ಇಂಥದೇ ಕೆಲಸವನ್ನು ಹಿಂದೆ ಮಾಡಿರಬೇಕು. ನ್ಯಾಯವಾದ ಮಾತೇ. ಆದರೆ ಕೆಲಸವೇ ದೊರೆಯದವರು ಅನುಭವವನ್ನು ಎಲ್ಲಿಂದ ತರಬೇಕು? ಈಜು ಬಾರದವರು ನೀರಿಗಿಳಿಯಬಾರದು ಎಂದರೆ ಈಜು ಕಲಿಯುವುದೆಂತು?

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ನಗರಗಳಲ್ಲಿ ಅಮೆರಿಕದ ಅಟ್ಲಾಂಟಾ ಒಂದು. 1973ರಲ್ಲಿ ಮೇನಾರ್ಡ್ ಜಾಕ್ಸನ್ ಅವರು ಅಲ್ಲಿನ ಮೊದಲ ಕಪ್ಪು ಮೇಯರಾಗಿ ಚುನಾಯಿತರಾದರು. ನಗರದ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪುಜನ. ಆದರೆ ನಗರಸಭೆಯ ಗುತ್ತಿಗೆಗಳಲ್ಲಿ ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಸಲ್ಲುತ್ತಿದ್ದುದು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ವಿಮಾನ ನಿಲ್ದಾಣದ ಭಾರೀ ವಿಸ್ತರಣೆ ಆಗ ಎದುರಿಗಿತ್ತು. ಅದರ ಕಾಮಗಾರಿಯಲ್ಲಿ ಸುಮಾರು ಕಾಲು ಪಾಲು ಅಲ್ಪಸಂಖ್ಯಾತರಿಗೆ ಸಲ್ಲಬೇಕೆಂದು ಜಾಕ್ಸನ್ ಪಟ್ಟುಹಿಡಿದರು. ದೊಡ್ಡ ಸಂಸ್ಥೆಗಳು ಸಣ್ಣ ಸಂಸ್ಥೆಗಳನ್ನು ಪಾಲುದಾರರಾಗಿ ಸೇರಿಸಿಕೊಂಡು ಜಂಟಿಯಾಗಿ ಕೆಲಸ ಹಿಡಿಯಬೇಕೆಂಬುದು ಅವರು ತೋರಿದ ದಾರಿ. ವರ್ತಕ ವರ್ಗದಿಂದ ಪ್ರಬಲವಾದ ವಿರೋಧ ಬಂದಿತು, ಅವರು ಮಣಿಯಲಿಲ್ಲ. 1980ರ ಸೆಪ್ಟೆಂಬರಿನಲ್ಲಿ ಹೊಸ ನಿಲ್ದಾಣ ತೆರೆಯಿತು. ಈ ಜಂಟಿ ವ್ಯವಸ್ಥೆಯ ನಿಜವಾದ ಲಾಭ ಹಣವಲ್ಲ, ಅನುಭವ. ಮುಂದಿನ ಟೆಂಡರಿನಲ್ಲಿ ತೋರಿಸಲು ಒಂದು ಹಳೆಯ ಕೆಲಸ. 2003ರಲ್ಲಿ ಜಾಕ್ಸನ್ ತೀರಿಕೊಂಡ ಮೇಲೆ ಆ ನಿಲ್ದಾಣಕ್ಕೆ ಅವರ ಹೆಸರನ್ನೂ ಸೇರಿಸಲಾಯಿತು.

ವರ್ಜೀನಿಯಾದ ರಿಚ್‌ಮಂಡ್ ನಗರದ ಕಥೆ ಬೇರೆ. 1983ರಲ್ಲಿ ಆ ನಗರ, ಮುಖ್ಯ ಗುತ್ತಿಗೆದಾರರು ಗುತ್ತಿಗೆ ಮೊತ್ತದ ನೂರಕ್ಕೆ 30 ಪಾಲನ್ನು ಅಲ್ಪಸಂಖ್ಯಾತರಿಗೆ ಒಳಗುತ್ತಿಗೆಯಾಗಿ ಕೊಡಬೇಕೆಂದು ನಿಯಮ ಮಾಡಿತು. ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಮುಖ್ಯ ಗುತ್ತಿಗೆಗಳಲ್ಲಿ ಅವರಿಗೆ ದೊರೆತಿದ್ದುದು ನೂರಕ್ಕೆ 0.67 ಮಾತ್ರ. ಆದರೂ 1989ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿಯಮವನ್ನು ರದ್ದುಗೊಳಿಸಿತು. ಅನ್ಯಾಯ ನಡೆದಿದೆ ಎಂದರೆ ಸಾಲದು, ಎಲ್ಲಿ ಹೇಗೆ ನಡೆದಿದೆ ಎಂಬುದಕ್ಕೆ ಸಾಕ್ಷ್ಯ ಬೇಕು ಎಂಬುದು ತೀರ್ಪಿನ ಸಾರ. ಬಳಿಕ ಅನೇಕ ನಗರಗಳು ತಮ್ಮ ಲೆಕ್ಕಪುಸ್ತಕಗಳನ್ನು ತಾವೇ ಬಿಚ್ಚಿ ಅಧ್ಯಯನ ನಡೆಸಬೇಕಾಯಿತು.

ಇನ್ನೊಂದು ತೊಡಕಿದೆ. ಪಾಲು ಮೀಸಲಾದೊಡನೆ ಬೇನಾಮಿಯೂ ಹುಟ್ಟುತ್ತದೆ. ಫಲಕದಲ್ಲಿ ಪತ್ನಿಯ ಹೆಸರು, ಗಲ್ಲಾಪೆಟ್ಟಿಗೆಯ ಬೀಗದ ಕೈ ಪತಿಯ ಬಳಿ. ಇದನ್ನರಿತೇ ಅಮೆರಿಕದಲ್ಲಿ, ಮಹಿಳೆಯ ಸಂಸ್ಥೆ ಎನಿಸಿಕೊಳ್ಳಲು ನೂರಕ್ಕೆ 51 ಪಾಲು ಒಡೆತನವಿದ್ದರೆ ಸಾಲದು, ನಿತ್ಯದ ಆಡಳಿತವೂ ಆಕೆಯ ಕೈಯಲ್ಲಿರಬೇಕೆಂದು ವಿಧಿಸಿದ್ದಾರೆ.

ಕೇಳುಗರೆ, ಇದು ದೂರದೇಶದ ಮಾತಷ್ಟೇ ಅಲ್ಲ. 2017ರಲ್ಲಿ ಕರ್ನಾಟಕ ತನ್ನ ಸಂಗ್ರಹಣಾ ಕಾಯಿದೆಯನ್ನು ತಿದ್ದಿ, 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ನೂರಕ್ಕೆ 17.15, ಪರಿಶಿಷ್ಟ ಪಂಗಡದವರಿಗೆ 6.95 ಪಾಲು ಮೀಸಲಿಟ್ಟಿತು. ಕೇಂದ್ರ ಸರ್ಕಾರ 2018ರಲ್ಲಿ ತನ್ನ ಇಲಾಖೆಗಳ ಖರೀದಿಯಲ್ಲಿ ನೂರಕ್ಕೆ 3 ಪಾಲು ಮಹಿಳೆಯರ ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಬರಬೇಕೆಂದಿತು. ಅಂಥ ಉದ್ದಿಮೆಗಳಿಗೆ ಮುಂಗಡ ಠೇವಣಿಯ ವಿನಾಯಿತಿಯೂ ಉಂಟು.

ಈ ವಿನಾಯಿತಿಯೇ ನನಗೆ ಅಂಕಿಗಳಿಗಿಂತ ಮುಖ್ಯವಾಗಿ ತೋರುತ್ತದೆ. ಸಣ್ಣವರನ್ನು ಹೊರಗಿಡುವುದು ಅನೇಕ ವೇಳೆ ದ್ವೇಷವಲ್ಲ. ಠೇವಣಿ, ಒಂದೇ ಗಂಟಾಗಿ ಕಟ್ಟಿದ ದೊಡ್ಡ ಕೆಲಸ, ತಿಂಗಳುಗಟ್ಟಲೆ ತಡವಾಗುವ ಬಿಲ್ಲು. ಬಿಲ್ಲು ಬರುವವರೆಗೆ ಕೂಲಿಯವರಿಗೆ ಕೊಡಲು ದೊಡ್ಡವರ ಬಳಿ ಬ್ಯಾಂಕಿದೆ. ಸಣ್ಣವರ ಬಳಿ ಹೆಂಡತಿಯ ಒಡವೆ, ಅಥವಾ ಆಕೆಯೇ ಗುತ್ತಿಗೆದಾರಳಾದರೆ ತನ್ನದೇ ಒಡವೆ. ಗಂಟನ್ನು ಬಿಚ್ಚಿ ಕೆಲಸಗಳನ್ನು ಬಿಡಿಯಾಗಿ ಕರೆಯುವುದು, ಹೊತ್ತಿಗೆ ಸರಿಯಾಗಿ ಹಣ ಸಲ್ಲಿಸುವುದು, ಇವು ಭಾಷಣಕ್ಕೆ ಒದಗುವ ಸಂಗತಿಗಳಲ್ಲ. ಆದರೆ ಬಾಗಿಲು ತೆರೆಯುವುದು ಇವುಗಳಿಂದಲೇ. ಕರ ತೆರುವಾಗ ಎಲ್ಲರೂ ನಗರದವರು. ಆ ಕರದಿಂದ ರಸ್ತೆ ಕಟ್ಟುವಾಗಲೂ ಎಲ್ಲರೂ ನಗರದವರೇ ಆಗಿರಬೇಕಷ್ಟೆ.